ಒಂದು ಮತದ ಮುನ್ನಡೆ ಮತ್ತು ಒಟಿಪಿ ಎಂಬ ಗುಮ್ಮ

ಮೊಬೈಲಿಗೆ ಒಟಿಪಿ ಬಂದರೆ ಮತಯಂತ್ರ ತೆರೆದುಕೊಳ್ಳುತ್ತದೆಯೇ? ಮುಂಬಯಿಯಲ್ಲಿ ಈ ಗುಮ್ಮ ಎದ್ದದ್ದು 2024ರ ಜೂನ್‌ನಲ್ಲಿ. ವಾಯವ್ಯ ಮುಂಬಯಿ ಲೋಕಸಭಾ ಕ್ಷೇತ್ರದಲ್ಲಿ ಶಿವಸೇನೆಯ ಶಿಂಧೆ ಬಣದ ರವೀಂದ್ರ ವಾಯ್ಕರ್ ಬರೀ 48 ಮತಗಳಿಂದ ಠಾಕ್ರೆ ಬಣದ ಅಮೋಲ್ ಕೀರ್ತಿಕರ್ ಅವರನ್ನು ಸೋಲಿಸಿದ್ದರು. ಗೋರೆಗಾಂವ್‌ನ ಎಣಿಕೆ ಕೇಂದ್ರದೊಳಗೆ ಮೊಬೈಲ್ ಬಳಕೆಯಾಯಿತೆಂದು ಪೊಲೀಸ್ ಪ್ರಕರಣವೂ ಆಯಿತು. ಆ ಫೋನಿನ ಒಟಿಪಿಯಿಂದಲೇ ಯಂತ್ರ ತೆರೆಯಲಾಯಿತೆಂದು ಪತ್ರಿಕೆಯೊಂದು ಬರೆದು, ಆಮೇಲೆ ಕ್ಷಮೆ ಕೇಳಿತು. ವಾಟ್ಸಾಪ್‌ಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ!

ಒಟಿಪಿ ಬೇಕಾಗುವುದು ಎನ್‌ಕೋರ್ ಎಂಬ ತಂತ್ರಾಂಶಕ್ಕೆ. ಎಣಿಸಿ ಮುಗಿದ ಸುತ್ತಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಅಧಿಕಾರಿ ಅದರೊಳಗೆ ಲಾಗಿನ್ ಆಗುತ್ತಾರೆ. ಮತಯಂತ್ರಕ್ಕೆ ಸಿಮ್ಮೂ ಇಲ್ಲ, ಇಂಟರ್ನೆಟ್ಟೂ ಇಲ್ಲ.

ಇರುವುದು ಗುಂಡಿಗಳು, ಅವುಗಳ ಶಿಸ್ತೇ ಚೆಂದ. ಕೊನೆಯ ಮತದಾರರು ಹೋದ ಮೇಲೆ ಮತಗಟ್ಟೆ ಅಧಿಕಾರಿ ಕಂಟ್ರೋಲ್ ಯೂನಿಟ್ಟಿನ 'ಕ್ಲೋಸ್' ಒತ್ತಿದರೆ, ಅದು ಇನ್ನೊಂದು ಮತ ಸ್ವೀಕರಿಸುವುದಿಲ್ಲ. ಕ್ಲೋಸ್ ಒತ್ತದೆ 'ರಿಸಲ್ಟ್' ಒತ್ತಿದರೆ ಫಲಿತಾಂಶ ಬಾಯಿ ಬಿಡುವುದಿಲ್ಲ. ಆ ರಿಸಲ್ಟ್ ಗುಂಡಿಯೋ ಏಜೆಂಟರು ಸಹಿ ಹಾಕಿದ ಹಸಿರು ಕಾಗದದ ಮುದ್ರೆಯ ಅಡಿಯಲ್ಲಿರುತ್ತದೆ. ಎಣಿಕೆಯ ದಿನ ಕಾಗದ ಚುಚ್ಚಿಯೇ ಅದನ್ನು ಒತ್ತಬೇಕು.

ಇನ್ನು 48ರ ಕಥೆ. ಯಂತ್ರಗಳ ಲೆಕ್ಕದಲ್ಲಿ ಕೀರ್ತಿಕರ್ ಅವರಿಗೆ 4,51,095, ವಾಯ್ಕರ್ ಅವರಿಗೆ 4,51,094. ಅಂದರೆ ಸೋತವರೇ ಒಂದು ಮತ ಮುಂದು! ಫಲಿತಾಂಶ ತಿರುಗಿಸಿದ್ದು ಅಂಚೆ ಮತಗಳು: ವಾಯ್ಕರ್‌ಗೆ 1,550, ಕೀರ್ತಿಕರ್‌ಗೆ 1,501. ಊರೆಲ್ಲ ಯಂತ್ರವನ್ನು ಬೈಯುತ್ತಿದ್ದಾಗ ಗೆಲ್ಲಿಸಿದ್ದು ಕಾಗದ.

ಕಾಗದದ ಪಕ್ಷಪಾತಿಗಳಿಗೆ ಕಾನೂನಿನ ಬಲವೂ ಒಮ್ಮೆ ಸಿಕ್ಕಿತ್ತು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಿದಾಗ, ಅದಕ್ಕೆ ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಮರುಮತದಾನ ಮಾಡಿಸಿತು. ಗೆದ್ದವರು ಬದಲಾದರು. ಸಂಸತ್ತು 1988ರಲ್ಲಿ ಪ್ರಜಾಪ್ರತಿನಿಧಿತ್ವ ಕಾಯ್ದೆಗೆ 61ಎ ಕಲಂ ಸೇರಿಸಿ ಯಂತ್ರಕ್ಕೆ ದಾರಿ ಮಾಡಿತು.

ರಾಜ್ಯಗಳೂ ಸುಮ್ಮನಿರಲಿಲ್ಲ. ಮತದಾರರಿಗೆ ಮತಪತ್ರದ ಆಯ್ಕೆಯೂ ಇರುವಂತೆ ಕಾಯ್ದೆ ರೂಪಿಸಲು ಮಹಾರಾಷ್ಟ್ರ ವಿಧಾನಸಭೆಯ ಸ್ಪೀಕರ್ ನಾನಾ ಪಟೋಲೆ 2021ರ ಫೆಬ್ರುವರಿಯಲ್ಲಿ ಸೂಚಿಸಿದ್ದರು. ಸಂವಿಧಾನದ 328ನೇ ವಿಧಿ ಅವರ ಆಧಾರ. ಆದರೆ ಆ ವಿಧಿ ಸಂಸತ್ತು ಕೈಹಾಕದ ಜಾಗದಲ್ಲಷ್ಟೇ ರಾಜ್ಯಗಳಿಗೆ ಅವಕಾಶ ಕೊಡುತ್ತದೆ. 61ಎ ಆಗಲೇ ಅಲ್ಲಿ ಕೂತಿತ್ತು. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮಾತ್ರ ರಾಜ್ಯದ ಕಾನೂನು ನಡೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅವಕ್ಕೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿದ್ದು ಕರ್ನಾಟಕದ ಸಚಿವ ಸಂಪುಟ. ಮತಯಂತ್ರ ತಯಾರಿಸುವ ಎರಡು ಕಂಪನಿಗಳಲ್ಲಿ ಒಂದಾದ ಬಿಇಎಲ್ ಇರುವುದೂ ಬೆಂಗಳೂರಿನಲ್ಲೇ.