ಮೇಪಲ್ ಫಜ್ ರೆಸಿಪಿಗೆ ಜೋನಿ ಬೆಲ್ಲ ಹಾಕಿದ್ರೆ ಯಾಕೆ ಗಟ್ಟಿ ಆಗಲ್ಲ? ಮನೆಯಲ್ಲಿ ಮಾಡಿ ಅಂಗಡಿಗೆ ಕೊಡೋರಿಗೆ ಮಾಹಿತಿ

ಸಿದ್ದಾಪುರ: ಕಳೆದ ತಿಂಗಳು ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎರಡು ಲೀಟರ್ ಹಾಲು, ಒಂದೂವರೆ ಕೆಜಿ ಜೋನಿ ಬೆಲ್ಲ, ಕಾಲು ಕೆಜಿ ಬೆಣ್ಣೆ ಒಂದೇ ಮಧ್ಯಾಹ್ನದಲ್ಲಿ ಹಾಳಾಯ್ತು. ಪೇಟೆಯ ಅಂಗಡಿಯೊಂದಕ್ಕೆ ಮೂವತ್ತು ಡಬ್ಬಿ ಬರ್ಫಿ ಕೊಡ್ತೇನೆ ಅಂತ ಅವರು ಮಾತು ಕೊಟ್ಟಿದ್ರು. ಡಬ್ಬಿ ತಂದಾಗಿತ್ತು, ಸ್ಟಿಕ್ಕರ್ ಹೊಡೆಸಿ ಆಗಿತ್ತು. ಸಂಜೆ ಫೋನ್ ಬಂತು. "ತಮಾ, ಇದು ಗಟ್ಟಿಯೇ ಆಗ್ತಿಲ್ಲೆ. ಎಂತಾತು ನೋಡು ಬಾ."

ಹೋಗಿ ನೋಡಿದ್ರೆ ಹರಿವಾಣದ ತುಂಬಾ ಕಂದು ಬಣ್ಣದ ಅಂಟು. ಅದರ ಮಧ್ಯೆ ಒಡೆದ ಹಾಲಿನ ಸಣ್ಣ ಸಣ್ಣ ಗಂಟು. ಚಾಕು ಹಾಕಿದ್ರೆ ಚಾಕುವಿನ ಜೊತೆಗೇ ಎದ್ದು ಬರ್ತಿತ್ತು.

ಚಿಕ್ಕಮ್ಮ ನೋಡಿದ್ದು ಯೂಟ್ಯೂಬಿನಲ್ಲಿ ಬಂದ ಕೆನಡಾದ ಮೇಪಲ್ ಫಜ್ ವಿಡಿಯೊ. ಮೇಪಲ್ ಸಿರಪ್, ಕೆನೆ, ಬೆಣ್ಣೆ, ಮೂರೇ ಸಾಮಾನು. ಮೇಪಲ್ ಅಂದ್ರೆ ಮರದ ರಸ ಕುದಿಸಿದ್ದು, ಜೋನಿ ಅಂದ್ರೆ ಕಬ್ಬಿನ ಹಾಲು ಕುದಿಸಿದ್ದು. ಎರಡೂ ಒಂದೇ ಬಣ್ಣ, ಒಂದೇ ಥರ ಸುರಿಯುತ್ತೆ. ಹಾಗಾದ್ರೆ ಅದರ ಬದಲು ಇದನ್ನ ಹಾಕಿದ್ರೆ ಆಯ್ತಲ್ಲ? ಈ ಲೆಕ್ಕದಲ್ಲಿ ಅರ್ಧ ಸರಿ ಇದೆ. ಉಳಿದರ್ಧದಲ್ಲೇ ದುಡ್ಡು ಹೋಗಿದ್ದು.

ಮೇಪಲ್ ಕಥೆ ಏನು?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಅಮೆರಿಕದ ವರ್ಮಾಂಟ್ ಕಡೆ ಚಳಿ ಮುಗಿಯುವ ಹೊತ್ತಿಗೆ, ಅಂದ್ರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ, ಮೇಪಲ್ ಮರಕ್ಕೆ ಸಣ್ಣ ತೂತು ಹೊಡೆದು ರಸ ಇಳಿಸ್ತಾರೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬೇಕು, ಹಗಲು ಸ್ವಲ್ಪ ಬಿಸಿಲು ಬೇಕು. ಆಗ ಮಾತ್ರ ರಸ ಹರಿಯುತ್ತೆ. ಆ ರಸ ನೀರಿನ ಥರಾನೇ ಇರುತ್ತೆ, ಸಕ್ಕರೆ ಅಂಶ ಶೇ 2ರ ಆಸುಪಾಸು. ಸುಮಾರು 40 ಲೀಟರ್ ರಸ ಕುದಿಸಿದ್ರೆ ಒಂದು ಲೀಟರ್ ಸಿರಪ್. ಪ್ರಪಂಚದ ಮೇಪಲ್ ಸಿರಪ್‌ನಲ್ಲಿ ಹೆಚ್ಚುಕಮ್ಮಿ ಶೇ 70 ಕ್ವಿಬೆಕ್ ಒಂದರಿಂದಲೇ ಬರುತ್ತೆ. ನಮ್ಮಲ್ಲಿ ಆಲೆಮನೆ ಬೆಂಕಿ ಉರಿಯುವ ದಿನಗಳಲ್ಲೇ ಅವರಲ್ಲೂ ಕೊಪ್ಪರಿಗೆ ಕುದಿಯುತ್ತೆ ಅನ್ನೋದು ನನಗೆ ಖುಷಿ ಕೊಟ್ಟ ವಿಷಯ.

ಅಲ್ಲಿ ಫಜ್ ಮಾಡೋದು ಹೀಗೆ. ಸಿರಪ್ಪು, ಕೆನೆ ಸೇರಿಸಿ ಕೈಯಾಡಿಸದೆ ಸುಮಾರು 115 ಡಿಗ್ರಿ ತನಕ ಕುದಿಸ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಉಂಡೆ ಪಾಕ. ಇಳಿಸಿ ಬೆಣ್ಣೆ ಹಾಕಿ, ಮುಟ್ಟದೆ 45 ಡಿಗ್ರಿಗೆ ಆರಲು ಬಿಡ್ತಾರೆ. ಆಮೇಲೆ ರಟ್ಟೆ ನೋಯುವಷ್ಟು ಕಡೆಯೋದು. ಹೊಳಪು ಹೋಗಿ ಮಂಕಾದ ಕೂಡಲೇ ತಟ್ಟೆಗೆ ಸುರಿಯೋದು. ಕಡೆಯುವಾಗ ಸಕ್ಕರೆ ಮತ್ತೆ ಹರಳಾಗುತ್ತೆ. ತಣ್ಣಗಾದ ಮೇಲೆ ಕಡೆದರೆ ಹರಳು ನಾಲಿಗೆಗೆ ಸಿಗದಷ್ಟು ಸಣ್ಣ, ಬಿಸಿ ಇದ್ದಾಗಲೇ ಕಲಕಿದರೆ ಮರಳು ಮರಳು. ಫಜ್ ಗಟ್ಟಿಯಾಗೋದು ಈ ಹರಳಿನಿಂದಲೇ.

ಜೋನಿಯಲ್ಲಿ ಕೆಡೋದು ಎಲ್ಲಿ?

ಮೇಪಲ್ ಸಿರಪ್‌ನಲ್ಲಿರುವ ಸಕ್ಕರೆ ಬಹುಪಾಲು ಸುಕ್ರೋಸ್, ಅಂದ್ರೆ ನಾವು ಚಹಾಕ್ಕೆ ಹಾಕುವ ಸಕ್ಕರೆಯೇ. ಸುಕ್ರೋಸ್‌ಗೆ ಹರಳಾಗುವ ಗುಣ ಜಾಸ್ತಿ. ಜೋನಿ ಬೆಲ್ಲ ಹಾಗಲ್ಲ. ಅದರಲ್ಲಿ ನೀರು ಸುಮಾರು ಮೂರನೇ ಒಂದು ಭಾಗ, ಸುಕ್ರೋಸ್ ಶೇ 40ರಿಂದ 60. ಇದರ ಜೊತೆ ಶೇ 15ರಿಂದ 25ರಷ್ಟು ಬೇರೆ ಥರದ ಸಕ್ಕರೆ ಇರುತ್ತೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಕಬ್ಬಿನ ಹಾಲಿನಲ್ಲಿ ಸಹಜವಾಗಿ ಸ್ವಲ್ಪ ಹುಳಿ ಇರುತ್ತಲ್ಲ, ಅದು ಬಿಸಿಗೆ ಸುಕ್ರೋಸನ್ನು ಒಡೆದು ಈ ಎರಡನ್ನ ಮಾಡುತ್ತೆ. ಕಬ್ಬು ಕಡಿದು ಮೂರ್ನಾಲ್ಕು ದಿನ ಬಿಟ್ಟು ಅರೆದರೆ ಇದು ಇನ್ನೂ ಹೆಚ್ಚು. ಜೋನಿ ಹರಳುಗಟ್ಟಬಾರದು ಅಂತ ಕೆಲವರು ನಿಂಬೆ ರಸ ಅಥವಾ ಸಿಟ್ರಿಕ್ ಆಸಿಡ್ ಹಾಕೋದೂ ಇದೆ. ದೋಸೆ ಜೊತೆ ತಿನ್ನೋಕೆ ಅದು ಒಳ್ಳೆಯದೇ. ಬರ್ಫಿಗೆ ಮಾತ್ರ ವೈರಿ, ಯಾಕಂದ್ರೆ ಈ ಗ್ಲೂಕೋಸ್, ಫ್ರಕ್ಟೋಸ್ ಮಧ್ಯೆ ನಿಂತು ಸುಕ್ರೋಸ್ ಹರಳಾಗದ ಹಾಗೆ ತಡೆಯುತ್ತೆ. ಮೇಲಿಂದ ಫ್ರಕ್ಟೋಸ್ ಗಾಳಿಯ ತೇವ ಎಳ್ಕೊಳ್ಳುತ್ತೆ. ನಮ್ಮ ಮಳೆಗಾಲದಲ್ಲಿ ಕೇಳಬೇಕಾ? ಬೆಳಿಗ್ಗೆ ಕತ್ತರಿಸಿದ್ದು ಸಂಜೆಗೆ ಬೆವರುತ್ತೆ.

ಇನ್ನು ಹಾಲು ಒಡೆದದ್ದು. ಬೆಲ್ಲದ ಚಹಾ ಮಾಡೋರಿಗೆಲ್ಲ ಇದು ಗೊತ್ತು. ಬೆಲ್ಲದ ಹುಳಿ ತಣ್ಣನೆ ಹಾಲಿಗೆ ಅಷ್ಟೇನೂ ಮಾಡಲ್ಲ, ಕುದಿಯುವ ಹಾಲಿಗೆ ಬಿದ್ರೆ ಒಡೆಯುತ್ತೆ. ಚಿಕ್ಕಮ್ಮ ಮನೆಯಲ್ಲಿ ಕೆನೆ ಸಾಲದು ಅಂತ ಹಾಲನ್ನೇ ಜೋನಿ ಜೊತೆ ಕುದಿಸಿದ್ರು. ವಿಡಿಯೊದಲ್ಲಿದ್ದ ದಪ್ಪ ಕೆನೆಯಲ್ಲಿ ಕೊಬ್ಬೇ ಹೆಚ್ಚು, ಒಡೆಯುವ ಪ್ರೋಟೀನ್ ಕಡಿಮೆ.

ಹಾಗಾದ್ರೆ ಮಾಡೋದು ಹೇಗೆ?

ನಾವು ಮೂರು ಸಲ ಮಾಡಿ ನೋಡಿದ್ವಿ. ಮೂರನೆಯದು ನಿಂತಿತು. ಅಳತೆ ಇದು: ಜೋನಿ ಬೆಲ್ಲ ಅರ್ಧ ಕೆಜಿ, ಸಕ್ಕರೆ ಕಾಲು ಕೆಜಿ, ಸಿಹಿ ಹಾಕದ ಖೋವಾ ಕಾಲು ಕೆಜಿ, ತುಪ್ಪ 50 ಗ್ರಾಂ, ಗೇರುಬೀಜದ ಚೂರು ಒಂದು ಮುಷ್ಟಿ, ಏಲಕ್ಕಿ, ಒಂದು ಚಿಟಿಕೆ ಅಡುಗೆ ಸೋಡಾ.

ಸಕ್ಕರೆ ಯಾಕೆ ಅಂತ ಕೇಳೋರಿದ್ದಾರೆ. ಬೆಲ್ಲದ್ದು ಅಂತ ಹೇಳಿ ಸಕ್ಕರೆ ಹಾಕೋದು ಮೋಸ ಅಲ್ವಾ ಅಂತ ನಾನೂ ಕೇಳಿದ್ದೆ. ಅದಿಲ್ಲದೆ ಹರಳು ಕಟ್ಟಲ್ಲ, ಅಷ್ಟೇ. ಡಬ್ಬಿ ಮೇಲೆ ಸಕ್ಕರೆ ಅಂತ ಬರೆದ್ರೆ ಮೋಸದ ಪ್ರಶ್ನೆ ಬರಲ್ಲ.

ಜೋನಿಯ ಡಬ್ಬಿಯನ್ನು ಅಲುಗಾಡಿಸಬೇಡಿ. ನಾಲ್ಕು ತಿಂಗಳು ಕೂತ ಡಬ್ಬಿಯಲ್ಲಿ ಮೇಲೆ ತೆಳು ರಸ, ತಳದಲ್ಲಿ ಹರಳು ಹರಳಾದ ದಪ್ಪ ಭಾಗ ಇರುತ್ತೆ. ಆ ತಳದ್ದೇ ಬರ್ಫಿಗೆ ಬೇಕಾದದ್ದು, ಅದೇ ಸುಕ್ರೋಸ್. ಮೇಲಿನದ್ದು ದೋಸೆಗಿರಲಿ. ಚಿಕ್ಕಮ್ಮ ಮೊದಲ ಸಲ ಮೇಲಿನದ್ದನ್ನೇ ಬಗ್ಗಿಸಿದ್ರು, ಅದು ಸುಲಭಕ್ಕೆ ಬರುತ್ತಲ್ಲ.

ದಪ್ಪ ತಳದ, ಸ್ವಲ್ಪ ದೊಡ್ಡದೇ ಆದ ಬಾಣಲೆಗೆ ಜೋನಿ, ಸಕ್ಕರೆ, ಅರ್ಧ ಲೋಟ ನೀರು ಹಾಕಿ. ಸಕ್ಕರೆ ಕರಗುವ ತನಕ ಕೈಯಾಡಿಸಿ, ಆಮೇಲೆ ಸೋಡಾ ಹಾಕಿ. ನೊರೆ ಉಕ್ಕಿ ಬರುತ್ತೆ, ಹೆದರಬೇಡಿ, ಬಾಣಲೆ ದೊಡ್ಡದಿರಲಿ ಅಂದದ್ದು ಅದಕ್ಕೇ. ಸೋಡಾ ಹುಳಿಯನ್ನು ಮುರಿಯುತ್ತೆ, ಖೋವಾ ಒಡೆಯಲ್ಲ. ಹೆಚ್ಚಾದ್ರೆ ಸೋಪಿನ ರುಚಿ ಬರುತ್ತೆ, ಬಣ್ಣವೂ ಕಪ್ಪಾಗುತ್ತೆ. ನಮ್ಮ ಎರಡನೇ ಸಲದ್ದು ಹಾಳಾದದ್ದು ಹೀಗೇ. ಇಲ್ಲಿಂದ ಮುಂದೆ ಪಾಕ ಬರುವ ತನಕ ಸಟ್ಟುಗ ಮುಟ್ಟಬೇಡಿ. ಬಾಣಲೆ ಅಂಚಿಗೆ ಸಿಡಿದು ಒಣಗಿದ ಸಕ್ಕರೆ ಇದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ. ಅದು ಒಳಗೆ ಬಿದ್ರೆ ಬೇಗನೇ ಒರಟು ಹರಳು ಶುರುವಾಗುತ್ತೆ.

ಪಾಕ ನೋಡೋದು ಹಳೇ ಕ್ರಮದಲ್ಲೇ. ಬಟ್ಟಲಲ್ಲಿ ತಣ್ಣೀರಿಟ್ಟು ಒಂದು ಹನಿ ಬಿಡಿ. ಬೆರಳಲ್ಲಿ ಒತ್ತಿದ್ರೆ ಮೆತ್ತನೆ ಉಂಡೆ ಆಗಬೇಕು, ತೆಗೆದ ಮೇಲೆ ನಿಧಾನಕ್ಕೆ ಚಪ್ಪಟೆ ಆಗಬೇಕು. ಥರ್ಮಾಮೀಟರ್ ಇರೋರಿಗೆ ಒಂದು ಮಾತು. ವಿಡಿಯೊದಲ್ಲಿ ಹೇಳುವ 115 ಡಿಗ್ರಿ ಸಮುದ್ರ ಮಟ್ಟದ ಊರಿನ ಲೆಕ್ಕ. ನಮ್ಮ ಘಟ್ಟದ ಮೇಲೆ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತೆ. ಮೊದಲು ಬರೀ ನೀರು ಕುದಿಸಿ ಎಷ್ಟು ತೋರಿಸುತ್ತೆ ನೋಡಿ, ಅದಕ್ಕೆ 15 ಸೇರಿಸಿ. ಇಲ್ಲಿ 113ಕ್ಕೇ ಪಾಕ ಸಿಗುತ್ತೆ. 115ರ ತನಕ ಕಾದ್ರೆ ಗಟ್ಟಿ ಜಾಸ್ತಿಯಾಗುತ್ತೆ.

ಪಾಕ ಬಂದ ಮೇಲೆ ಉರಿ ತಗ್ಗಿಸಿ, ಪುಡಿ ಮಾಡಿ ಬೆಚ್ಚಗೆ ಮಾಡಿಟ್ಟ ಖೋವಾ, ತುಪ್ಪ ಸೇರಿಸಿ. ಖೋವಾದಲ್ಲೂ ನೀರಿರುತ್ತೆ, ಆದ್ದರಿಂದ ನಾಲ್ಕೈದು ನಿಮಿಷ ಮಗುಚಲೇಬೇಕು. ಬಾಣಲೆ ತಳ ಬಿಡೋಕೆ ಶುರುವಾದಾಗ ಒಲೆ ಆರಿಸಿ. ಈಗ ತಾಳ್ಮೆ. ಕೈ ಮುಟ್ಟಬಹುದಾದಷ್ಟು ಬಿಸಿಗೆ ಇಳಿಯುವ ತನಕ ಬಿಟ್ಟು, ಏಲಕ್ಕಿ, ಗೇರುಬೀಜ ಹಾಕಿ ಜೋರಾಗಿ ಕಡೀರಿ. ಮೊದಲು ಹೊಳೀತಾ ಇರುತ್ತೆ. ಹತ್ತು ನಿಮಿಷಕ್ಕೆ ಬಣ್ಣ ತಿಳಿಯಾಗಿ ಹೊಳಪು ಹೋಗುತ್ತೆ. ಆ ಕ್ಷಣ ತುಪ್ಪ ಸವರಿದ ಹರಿವಾಣಕ್ಕೆ ಹಾಕಿ ತಟ್ಟಬೇಕು. ಎರಡು ನಿಮಿಷ ತಡ ಆದ್ರೆ ಬಾಣಲೆಯಲ್ಲೇ ಗಟ್ಟಿಯಾಗಿ ಕೂರುತ್ತೆ.

ಕೆಟ್ಟದ್ದನ್ನು ಎಸೆಯಬೇಡಿ. ಹಾಲು ಒಡೆಯದೆ ಬರೀ ಅಂಟಾಗಿದ್ರೆ ಅರ್ಧ ಲೋಟ ನೀರು ಹಾಕಿ ಕರಗಿಸಿ, ಸ್ವಲ್ಪ ಸಕ್ಕರೆ ಸೇರಿಸಿ ಮತ್ತೆ ಪಾಕಕ್ಕೆ ತನ್ನಿ. ಈ ಸಲ ಹಾಲಿನ ಅಂಶ ಒಳಗೇ ಇರೋದ್ರಿಂದ ತಳ ಹಿಡಿಯದಂತೆ ಕೈಯಾಡಿಸ್ತಾ ಇರಬೇಕು. ಒಡೆದಿದ್ರೆ ಹುರಿದ ಶೇಂಗಾ ಪುಡಿ, ಹುರಿಗಡಲೆ ಹಿಟ್ಟು ಕಲಸಿ ಉಂಡೆ ಕಟ್ಟಿ. ಚಿಕ್ಕಮ್ಮನ ಮನೆಯಲ್ಲಿ ಒಂದು ವಾರ ಅದೇ ಉಂಡೆ. ನಾನೇ ಇಪ್ಪತ್ತು ತಿಂದಿರಬೇಕು.

ಅಂಗಡಿಯವರು ನೋಡಬೇಕಾದ್ದು

ಚಿಕ್ಕಮ್ಮ ಮೊದಲು ಹೊಡೆಸಿದ್ದ ಸ್ಟಿಕ್ಕರಿನಲ್ಲಿ "ಮೇಪಲ್ ಬರ್ಫಿ" ಅಂತಿತ್ತು. ಒಳಗೆ ಮೇಪಲ್ ಒಂದು ಹನಿಯೂ ಇಲ್ಲ. ಇದು ಸಣ್ಣ ವಿಷಯ ಅಲ್ಲ. ಒಳಗಿಲ್ಲದ್ದನ್ನು ಹೆಸರಲ್ಲಿ ಹಾಕಿದ್ರೆ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಅದು ತಪ್ಪು ಲೇಬಲ್, ಮಾಡಿದವರ ಜೊತೆ ಮಾರಿದವರೂ ಉತ್ತರ ಕೊಡಬೇಕಾಗುತ್ತೆ. ಸೂಪರ್ ಮಾರ್ಕೆಟ್ ಸಾಮಾನು ತರಿಸೋರೂ ನೋಡಿಕೊಳ್ಳಿ. "ಮೇಪಲ್ ಫ್ಲೇವರ್" ಅಂತ ಬರೆದ ಬಾಟಲಿ ಸಾಮಾನ್ಯವಾಗಿ ಬೇರೆ ಸಕ್ಕರೆ ಪಾಕಕ್ಕೆ ವಾಸನೆ ಸೇರಿಸಿದ್ದು. ಹಿಂದೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತೆ, ಅಸಲಿ ಸಿರಪ್ ಆದ್ರೆ ಅಲ್ಲಿ ಮೇಪಲ್ ಬಿಟ್ಟು ಬೇರೇನೂ ಇರಲ್ಲ.

ಮನೆಯಲ್ಲಿ ಮಾಡಿ ಮಾರೋರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ಪ್ರಮಾಣದವರಿಗೆ ದೊಡ್ಡ ಲೈಸೆನ್ಸ್ ಬೇಡ, ಆನ್‌ಲೈನಿನಲ್ಲಿ ಸರಳ ನೋಂದಣಿ ಸಾಕು. 14 ಅಂಕಿಯ ನಂಬರ್ ಕೊಡ್ತಾರೆ. ಡಬ್ಬಿ ಮೇಲೆ ಆ ನಂಬರ್, ಹೆಸರು, ಪದಾರ್ಥ, ತೂಕ, ತಯಾರಿಸಿದ ದಿನ, ಯಾವಾಗಿನ ತನಕ ತಿನ್ನಬಹುದು, ತಯಾರಿಸಿದವರ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಟ್ರೇಯಲ್ಲಿ ಬಿಡಿಯಾಗಿ ಇಟ್ಟು ಮಾರುವ ಸ್ವೀಟಿಗೂ ಯಾವ ದಿನಾಂಕದ ಒಳಗೆ ತಿನ್ನಬೇಕು ಅನ್ನೋದನ್ನ ಹಾಕಬೇಕು ಅಂತ 2020ರ ಅಕ್ಟೋಬರ್ 1ರಿಂದಲೇ ನಿಯಮ ಇದೆ. ನಮ್ಮ ಪೇಟೆಯಲ್ಲಿ ಎಷ್ಟು ಟ್ರೇಯಲ್ಲಿ ಆ ಚೀಟಿ ಇದೆ ಅಂತ ಓದುಗರೇ ನೋಡಿ ಹೇಳಬೇಕು.

ಖೋವಾ ಹೊರಗಿಂದ ತರೋರು ಒಂದು ಪರೀಕ್ಷೆ ಮಾಡಬಹುದು. ಒಂದು ಚಮಚ ಖೋವಾ ನೀರಲ್ಲಿ ಕುದಿಸಿ ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿ ಬಣ್ಣಕ್ಕೆ ತಿರುಗಿದ್ರೆ ಹಿಟ್ಟು ಬೆರೆಸಿದ್ದಾರೆ ಅಂತ ಅರ್ಥ. ಖೋವಾ ಹಾಕಿದ ಸ್ವೀಟು ಚಿಕ್ಕಿ ಥರ ತಿಂಗಳುಗಟ್ಟಲೆ ನಿಲ್ಲಲ್ಲ. ನಾವು ಡಬ್ಬಿ ಮೇಲೆ ಐದು ದಿನ ಅಂತಲೇ ಹಾಕ್ತಿದ್ದೇವೆ.

ಹಳೇ ಸ್ಟಿಕ್ಕರ್ ಎಲ್ಲ ಒಲೆಗೆ ಹೋಯ್ತು. ಹೊಸದರಲ್ಲಿ "ಜೋನಿ ಬೆಲ್ಲದ ಬರ್ಫಿ" ಅಂತಿದೆ, ಕೆಳಗೆ ಸಕ್ಕರೆಯ ಹೆಸರೂ ಇದೆ. ಅಂಗಡಿಯವರು ಮೂವತ್ತರ ಬದಲು ಮೊದಲು ಹನ್ನೆರಡು ಡಬ್ಬಿ ಇಟ್ಕೊಂಡ್ರು, ಮೂರನೇ ದಿನ ಒಂಬತ್ತು ಹೋಗಿತ್ತು. ಉಳಿದ ಮೂರನ್ನ ಚಿಕ್ಕಮ್ಮ ಐದನೇ ದಿನ ತಾವೇ ಹೋಗಿ ವಾಪಸ್ ತಂದ್ರು.