ಅಂಗನವಾಡಿ ಟೀಚರಿಗೂ ಪಾಠವೇ?

ಪ್ರಶ್ನೆ: ನಮ್ಮ ಬೀದಿಯ ಅಂಗನವಾಡಿ ಟೀಚರ್ ಆಗಾಗ ಟ್ರೈನಿಂಗ್‌ಗೆ ಹೋಗುತ್ತಾರೆ. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡವರಿಗೆ ಮತ್ತೇನು ಕಲಿಸುವುದಿದೆ?
– ಓದುಗರು, ಚಾಮರಾಜಪೇಟೆ

ಉತ್ತರ: ಕೆಲಸವೇ ಬದಲಾಗುತ್ತಿದೆಯಲ್ಲ! 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆಗ ಎಲ್ಲವೂ ರಿಜಿಸ್ಟರಿನಲ್ಲಿ. 2021ರಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ. 2023ರಲ್ಲಿ ಆರಂಭವಾದ ‘ಪೋಷಣ್ ಭೀ ಪಢಾಯಿ ಭೀ’ ತರಬೇತಿ ಊಟದ ಜೊತೆಗೆ ಆಟ-ಪಾಠಕ್ಕೂ ಒತ್ತು ಕೊಡುತ್ತದೆ.

ತೋಳಿನ ಅಳತೆಯನ್ನೇ ನೋಡಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನಲ್ಲಿ, ಭುಜಕ್ಕೂ ಮೊಣಕೈಗೂ ನಟ್ಟನಡುವೆ ಟೇಪು ಸುತ್ತಬೇಕು. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಟೇಪು ಬಿಗಿಯಾದರೆ ಗಟ್ಟಿಮುಟ್ಟಾದ ಮಗುವೂ ತೀವ್ರ ಅಪೌಷ್ಟಿಕತೆಯ ಕೆಂಪು ಪಟ್ಟಿಗೆ ಬೀಳುತ್ತದೆ. ಸಡಿಲವಾದರೆ ನಿಜವಾಗಿ ಸೊರಗಿದ ಮಗು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಇಂಥ ಕೈಕೆಲಸಕ್ಕೆ ಅನುಭವವೊಂದೇ ಸಾಲದು, ಆಗಾಗ ತಿದ್ದುವವರು ಬೇಕು.

ನಿಮ್ಮ ಪೇಟೆಗೆ ಮಕ್ಕಳ ಆಟ-ಪಾಠದ ಕಾಳಜಿ ಹೊಸತಲ್ಲ. ಲೇಖಕಿ ಆರ್. ಕಲ್ಯಾಣಮ್ಮನವರು 1938ರಲ್ಲೇ ಅಲ್ಲಿ ಮಕ್ಕಳ ಕೂಟ ಕಟ್ಟಿದರು. ನನ್ನನ್ನು ಕೇಳಿದರೆ, ಬಸವನಗುಡಿ, ಮಲ್ಲೇಶ್ವರದ ಪ್ಲೇಹೋಮ್ ಆಯಾಗಳಿಗೂ ಇಂಥ ತರಬೇತಿ ಬೇಕು. ಫೀಸು ಕಟ್ಟುವ ಮುಂಚೆ ಒಮ್ಮೆ ವಿಚಾರಿಸಿ.