ಎಳೆ ಬಿಟ್ಟ ಚರ್ಮ

ರೇಷ್ಮೆ ಸೀರೆಯ ಸೆರಗಿಗೆ ಪಿನ್ನು ಚುಚ್ಚಿ ಮದುವೆಮನೆಯಲ್ಲಿ ದಿನವಿಡೀ ಓಡಾಡಿದವರು ಸಂಜೆ ಆ ಜಾಗವನ್ನೊಮ್ಮೆ ದೀಪಕ್ಕೆ ಹಿಡಿದು ನೋಡಲಿ. ಬಟ್ಟೆ ಹರಿದಿರುವುದಿಲ್ಲ. ಆದರೆ ಹಾಸು ಹೊಕ್ಕು ಸರಿದು ನಡುವೆ ತೆಳ್ಳನೆಯ ಸಂದು ಬಿದ್ದಿರುತ್ತದೆ. 'ಎಳೆ ಬಿಟ್ಟಿದೆ' ಅನ್ನುತ್ತೇವೆ. ಹೊಟ್ಟೆ, ತೊಡೆ, ಸೊಂಟ, ತೋಳುಗಳ ಮೇಲೆ ಮೂಡುವ ಸ್ಟ್ರೆಚ್ ಮಾರ್ಕ್ ಅಂದರೆ ಹೆಚ್ಚುಕಡಿಮೆ ಇದೇ.

ಚರ್ಮದ ಮೇಲ್ಪದರ ಕಾಗದದಷ್ಟು ತೆಳು. ಸುಮಾರು ತಿಂಗಳಿಗೊಮ್ಮೆ ಅದು ಹೊಸದಾಗುತ್ತಿರುತ್ತದೆ. ಅದರಡಿಯ ಒಳಚರ್ಮದಲ್ಲಿ ಗಟ್ಟಿತನ ಕೊಡುವ ಕೊಲಾಜನ್ ನಾರು, ಹಿಗ್ಗಿಸಿ ಕುಗ್ಗಿಸುವ ಇಲಾಸ್ಟಿನ್ ನಾರು ಹೆಣೆದುಕೊಂಡಿವೆ. ಇವನ್ನು ನೇಯುವ ಜೀವಕೋಶದ ಹೆಸರು ಫೈಬ್ರೊಬ್ಲಾಸ್ಟ್. ನಾನು ನೇಕಾರ ಎಂದೇ ಕರೆಯುತ್ತೇನೆ. ಗೆರೆ ಬೀಳುವುದು ಈ ಒಳಚರ್ಮದಲ್ಲಿ. ಹೊಸದರಲ್ಲಿ ಕೆಂಪಗೋ ನೇರಳೆಯಾಗಿಯೋ, ಕಂದು ಮೈಬಣ್ಣದವರಲ್ಲಿ ಗಾಢ ಕಂದಾಗಿಯೋ ಕಾಣುತ್ತದೆ. ತಿಂಗಳುಗಳು ಕಳೆದಂತೆ ಬಿಳಿಚಿಕೊಂಡು ಮೇಲ್ಮೈ ಸುಕ್ಕಾಗುತ್ತದೆ. ಇದು ರೋಗವಲ್ಲ, ಗಾಯದ ಕಲೆಯ ಒಂದು ಬಗೆ.

ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಸಾಮಾನ್ಯವಾಗಿ ಆರೇಳು ತಿಂಗಳಾದ ಮೇಲೆ ಇದು ಬರುತ್ತದೆ. ಮೈನೆರೆಯುವ ವಯಸ್ಸಿನ ಹುಡುಗಿಯರ ತೊಡೆಗೆ, ಜಿಮ್ಮಿನಲ್ಲಿ ಬೇಗಬೇಗ ಮೈ ಬೆಳೆಸಿದವರ ಭುಜಕ್ಕೂ ಬರುತ್ತದೆ. ಥಟ್ಟನೆ ಎತ್ತರವಾದ ಹುಡುಗರ ಸೊಂಟದ ಮೇಲ್ಭಾಗದಲ್ಲಿ ಬೆನ್ನಿಗೆ ಅಡ್ಡಡ್ಡ ಸಾಲುಗೆರೆ ಬೀಳುವುದುಂಟು. ಬಾಸುಂಡೆಯಂತೆಯೇ ಕಾಣುವ ಈ ಗೆರೆ ನೋಡಿ 'ಯಾರು ಹೊಡೆದರೋ' ಎಂದು ತಾಯಂದಿರು ಗಾಬರಿಯಾಗುತ್ತಾರೆ. ಹೊಡೆದವರು ಯಾರೂ ಇಲ್ಲ, ಹುಡುಗ ಉದ್ದುದ್ದ ಬೆಳೆದ, ಚರ್ಮ ಅಡ್ಡಕ್ಕೆ ಎಳೆ ಬಿಟ್ಟಿತು.

ಈ ವಿಷಯ ಮಾತಾಡಲು ಹೋದಲ್ಲೆಲ್ಲ ಒಬ್ಬರಾದರೂ ಅತ್ತೆ ಎದ್ದು ಹೇಳುವ ಮಾತೊಂದಿದೆ: "ನಾನು ಆಗಲೇ ಹೇಳ್ದೆ, ಹೊಟ್ಟೆ ಕೆರ್ಕೋಬೇಡ, ಗೆರೆ ಬೀಳತ್ತೆ ಅಂತ. ಇವಳು ಕೇಳ್ಲಿಲ್ಲ." ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. ಉಗುರಿನ ಗೀರು ಮೇಲ್ಪದರದ್ದು, ಕೆಲವು ದಿನಗಳಲ್ಲಿ ಮಾಯುತ್ತದೆ. ಚರ್ಮ ಹಿಗ್ಗಿ ಒಣಗಿದಾಗ ತುರಿಕೆ ಬರುತ್ತದೆ, ಅದೇ ಹೊತ್ತಿಗೆ ಒಳಗೆ ಗೆರೆಯೂ ಬೀಳುತ್ತದೆ. ಜೊತೆಗೆ ಬಂದದ್ದನ್ನು ನಾವು ಒಂದರಿಂದ ಇನ್ನೊಂದು ಬಂತು ಅಂದುಕೊಂಡೆವು. (ಆದರೆ ತಿಂಗಳು ತುಂಬುತ್ತಿರುವಾಗ ಅಂಗೈ ಅಂಗಾಲುಗಳಲ್ಲಿ ವಿಪರೀತ ತುರಿಕೆ ಬಂದರೆ ಅದೇ ದಿನ ವೈದ್ಯರಿಗೆ ಹೇಳಬೇಕು. ಅದು ಪಿತ್ತಜನಕಾಂಗದ ತೊಂದರೆ ಇರಬಹುದು.)

ಹಾಗಾದರೆ ಹಿಗ್ಗುವುದೇ ಕಾರಣವೇ? ಅಷ್ಟೇ ಆಗಿದ್ದರೆ ಒಂದೇ ಗಾತ್ರದ ಹೊಟ್ಟೆ ಹೊತ್ತ ಇಬ್ಬರಿಗೂ ಗೆರೆ ಬೀಳಬೇಕಿತ್ತು, ಬೀಳುವುದಿಲ್ಲ. ತಾಯಿಗೆ ಇದ್ದರೆ ಮಗಳಿಗೆ ಬರುವ ಸಂಭವ ಹೆಚ್ಚು, ಚಿಕ್ಕ ವಯಸ್ಸಿನ ಬಸುರಿಗೆ ಇನ್ನೂ ಹೆಚ್ಚು. ಇದರ ಜೊತೆಗೆ ಹಾರ್ಮೋನಿನ ಕೈವಾಡವಿದೆ, ನನಗೆ ಅತ್ಯಂತ ಕುತೂಹಲದ ಭಾಗ ಅದೇ. ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ವಿವರಿಸಿದ ಕಾಯಿಲೆಯೊಂದರಲ್ಲಿ ದೇಹ ಮಿತಿಮೀರಿ ಕಾರ್ಟಿಸಾಲ್ ತಯಾರಿಸುತ್ತದೆ. ಇಂಥವರ ಹೊಟ್ಟೆಯ ಮೇಲೆ ಸುಮಾರು ಬೆರಳಗಲದ ನೇರಳೆ ಪಟ್ಟೆಗಳು ಮೂಡುತ್ತವೆ. ಅಷ್ಟೇ ದಪ್ಪಗಿರುವ ಬೇರೆಯವರಲ್ಲಿ ಗೆರೆ ಬಿದ್ದರೂ ಹೀಗಿರುವುದಿಲ್ಲ. ಕಾರ್ಟಿಸಾಲ್ ಹೆಚ್ಚಾದರೆ ನೇಕಾರ ಮಗ್ಗ ನಿಲ್ಲಿಸುತ್ತಾನೆ. ಹೊಸ ನಾರು ಬಾರದೆ ಬಟ್ಟೆ ಸವೆಯುತ್ತದೆ, ಸವೆದ ಮೇಲೆ ಸಣ್ಣ ಎಳೆತವೂ ಸಾಕು.

ಇದು ಅರ್ಥವಾದರೆ ನಮ್ಮ ಊರಿನ ಒಂದು ದೊಡ್ಡ ಅನಾಹುತ ಅರ್ಥವಾಗುತ್ತದೆ. ಕಾಲೇಜು ಹುಡುಗನೊಬ್ಬ ತೊಡೆಸಂದಿಯಲ್ಲಿ ಕೆಂಪು ಸೀಳುಗೆರೆಗಳೆದ್ದಿವೆ ಎಂದು ನಾಚಿಕೊಂಡೇ ತೋರಿಸಿದ. ಹಾಸ್ಟೆಲಿನಲ್ಲಿ ಹುಳುಕಡ್ಡಿ ಎಂಬ ಶಿಲೀಂಧ್ರದ ಸೋಂಕು ಅಂಟಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿದ, ಒಂದು ಕ್ರೀಮು ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತಿತು. ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದ. ಹೀಗೆ ಐದು ತಿಂಗಳು. ಜೇಬಿನಿಂದ ತೆಗೆದ ಟ್ಯೂಬು ಬಾಲದಿಂದ ಸುರುಳಿ ಸುತ್ತಿ ಹಿಂಡಿ ಚಪ್ಪಟೆಯಾಗಿತ್ತು. ಸುರುಳಿ ಬಿಡಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದೆ: ಶಿಲೀಂಧ್ರದ ಔಷಧದ ಜೊತೆಗೆ ಕ್ಲೋಬೆಟಸಾಲ್. ಅದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಪ್ರಬಲ ಗುಂಪಿನದು, ಕಾರ್ಟಿಸಾಲಿನ ದಾಯಾದಿ.

ಹಚ್ಚಿದ ಜಾಗವೂ ಕೆಟ್ಟದ್ದು. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವಿಜ್ಞಾನಿಗಳು ಹೈಡ್ರೋಕಾರ್ಟಿಸೋನನ್ನು ದೇಹದ ಬೇರೆಬೇರೆ ಕಡೆ ಹಚ್ಚಿ ಎಷ್ಟು ಒಳಗಿಳಿಯುತ್ತದೆಂದು ಅಳೆದರು. ಮುಂದೋಳಿನಲ್ಲಿ 1 ಪಾಲು ಇಳಿದರೆ ಹಣೆಯಲ್ಲಿ 6, ವೃಷಣದ ಚರ್ಮದಲ್ಲಿ 42 ಪಾಲು. ತೊಡೆಸಂದಿಯ ಚರ್ಮವೂ ತೆಳು, ಮಡಿಕೆಯೊಳಗಿನ ಬೆವರು ಬೇರೆ. ಶಿಲೀಂಧ್ರ ಹಾಗೇ ಉಳಿಯಿತು, ನೇಕಾರ ಮಾತ್ರ ಮಗ್ಗ ಬಿಟ್ಟೆದ್ದ. ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಕ್ರೀಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೂ ಟ್ಯೂಬು ಕೈಗೆ ಸಿಗುತ್ತಲೇ ಇದೆ. ಹೆಸರಿನ ಕೊನೆಯಲ್ಲಿ 'ಸೋನ್' ಅಥವಾ 'ಸಾಲ್' ಕಂಡರೆ ಒಮ್ಮೆ ವೈದ್ಯರನ್ನು ಕೇಳಿ. ಎಲ್ಲ 'ಸಾಲ್'ಗಳೂ ಸ್ಟೀರಾಯ್ಡ್ ಅಲ್ಲ, ಆದರೆ ಕೇಳುವುದರಿಂದ ನಷ್ಟವಿಲ್ಲ. ಖಂಡಿತ ತಡೆಯಬಹುದಾದ ಸ್ಟ್ರೆಚ್ ಮಾರ್ಕ್ ಯಾವುದು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನು ಎಣ್ಣೆಯ ಮಾತು. ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ, ಕೋಕೋ ಬೆಣ್ಣೆ ಎಲ್ಲವೂ ಮೇಲ್ಪದರವನ್ನು ಮೆದುವಾಗಿಸುತ್ತವೆ, ತುರಿಕೆ ತಗ್ಗಿಸುತ್ತವೆ. ಅದೇ ಸಾಕಷ್ಟು ಸುಖ, ಹಚ್ಚಿಕೊಳ್ಳಿ. ಆದರೆ ಒಳಚರ್ಮದ ನೇಯ್ಗೆಯನ್ನು ಕಾಪಾಡುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 2012ರ ಕಾಕ್ರೇನ್ ವಿಮರ್ಶೆ 800 ಬಸುರಿಯರ ಮೇಲೆ ನಡೆದ 6 ಪ್ರಯೋಗಗಳನ್ನು ಜಾಲಾಡಿ ಇದೇ ತೀರ್ಮಾನಕ್ಕೆ ಬಂತು. ಬಾಣಂತಿಗೆ ಹೊಟ್ಟೆ ಕಟ್ಟುವುದರಿಂದಲೂ ಬಿದ್ದ ಗೆರೆ ಅಳಿಸುವುದಿಲ್ಲ.

ಚಿಕಿತ್ಸೆಯಲ್ಲಿ ಗೆರೆಯ ವಯಸ್ಸೇ ಮುಖ್ಯ. ಕೆಂಪಿರುವಾಗ ಟ್ರೆಟಿನೋಯಿನ್ ಕ್ರೀಮು ತಿಂಗಳುಗಟ್ಟಲೆ ಹಚ್ಚಿದರೆ ಸ್ವಲ್ಪ ಕಿರಿದಾಗಬಹುದು. ಬಸುರಿಯರು ಮಾತ್ರ ಅದನ್ನು ಮುಟ್ಟಬಾರದು. ಕೆಂಪು ತಗ್ಗಿಸುವ ಲೇಸರ್ ಇದೆ. ನಮ್ಮಂಥ ಕಂದು ಚರ್ಮಕ್ಕೆ ಲೇಸರಿನ ಶಾಖದಿಂದ ಕಪ್ಪು ಕಲೆ ಉಳಿಯುವ ಅಪಾಯವಿರುವುದರಿಂದ ಕೈ ಪಳಗಿದ ಚರ್ಮವೈದ್ಯರೇ ಬೇಕು. ಬೆಳ್ಳಗಾದ ಮೇಲೆ ಸಣ್ಣ ಸೂಜಿಗಳಿಂದ ಚುಚ್ಚಿ ನೇಕಾರನನ್ನು ಎಬ್ಬಿಸುವ ವಿಧಾನವಿದೆ, ಹಲವು ಸಲ ಮಾಡಿಸಬೇಕು. ಗೆರೆ ಮಸುಕಾಗುತ್ತದೆ, ಮಾಯವಾಗುವುದಿಲ್ಲ. ಪೂರ್ತಿ ಅಳಿಸುತ್ತೇವೆ ಅನ್ನುವ ಜಾಹೀರಾತು ಸುಳ್ಳು.

ಒಂದು ಆಸೆ ಉಳಿದಿದೆ. ನಾವು ತಂಬುಳಿ ಮಾಡುವ ಒಂದೆಲಗದ ಸತ್ವವಿರುವ ಕ್ರೀಮೊಂದನ್ನು ವಿದೇಶದಲ್ಲಿ ಬಸುರಿಯರ ಮೇಲೆ ಪರೀಕ್ಷಿಸಿ ತುಸು ಪ್ರಯೋಜನ ಕಂಡಿದ್ದಾರೆ. ಅದರಲ್ಲಿ ಬೇರೆ ವಸ್ತುಗಳೂ ಇದ್ದವು, ಪ್ರಯೋಗವೂ ಚಿಕ್ಕದು. ಗದ್ದೆಯ ಬದುವಿನಲ್ಲೇ ಈ ಸೊಪ್ಪು ಬೆಳೆಯುವ ನಾಡಿನಲ್ಲಿ ಯಾರಾದರೂ ಇದನ್ನು ಸರಿಯಾಗಿ ಮಾಡಿ ನೋಡಬಾರದೇ? ಹೊಟ್ಟೆಯ ಎಡಭಾಗಕ್ಕೆ ಒಂದೆಲಗದ ಎಣ್ಣೆ, ಬಲಭಾಗಕ್ಕೆ ಬರೀ ಎಣ್ಣೆ, ಎರಡೂ ಕಡೆ ಒಂದೇ ಸಮ ತಿಕ್ಕಬೇಕು. ತಾಯಿಯಿಂದ ಬಂದ ಗುಣವೂ ಹಾರ್ಮೋನೂ ಎರಡೂ ಬದಿಗೆ ಒಂದೇ ಆದ್ದರಿಂದ ಹೋಲಿಕೆ ಸುಲಭ. ಹೆರಿಗೆಯಾದ ಮೇಲೆ ಗೆರೆ ಎಣಿಸುವವರಿಗೆ ಮಾತ್ರ ಯಾವ ಬದಿಗೆ ಏನು ಹಚ್ಚಿದ್ದೆಂದು ಹೇಳಿರಬಾರದು.